ಮೂಲೆಮನೆಯಲ್ಲಿ ಜನ ಇದ್ದಾರೆ

“ಹೆತ್ತೋಳ ಮುಖ ಕಂಡೋನಲ್ಲ ಇವನು. ಮನೆ ಅಂದ್ರೇನು ಅಂತ ನಮಗೆ ಪಾಠ ಹೇಳೋಕೆ ಬಂದಿದಾನೆ, ಕೇಳಿಸ್ಕೊಳ್ರಪ್ಪಾ!”

ಹಾರ್ಡ್‌ವೇರ್ ಅಂಗಡಿಯವನು ಇದನ್ನು ಯಾರ ಕಿವಿಯಲ್ಲೋ ಪಿಸುಗುಟ್ಟಲಿಲ್ಲ. ನಗರಸಭೆಯ ಮಹಡಿ ಮೇಲಿನ ಸಭಾಂಗಣದಲ್ಲಿ, ಬೀದಿಗೆ ಬೀದಿಯೇ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದಾಗ, ಮೈಕನ್ನು ತುಟಿಗೆ ಒತ್ತಿಹಿಡಿದು ಹೇಳಿದ. ಕೊನೆಯ ಪದಕ್ಕೆ ಮೈಕು ಕೀಂಯ್ ಎಂದಿತು. ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲೇ ನಕ್ಕರು. ಆಮೇಲೆ ಮುಂದಿನ ಸಾಲಿನವರೂ ನಕ್ಕರು. ಬೀದಿಯ ಪರವಾಗಿ ಮಾತಾಡು ಮಾತಾಡು ಎಂದು ಈ ಬೈಸಿಕೊಂಡವನನ್ನು ತಿವಿದು ಎಬ್ಬಿಸಿದ್ದವರೇ ನಕ್ಕರು.

ನಿಂತಿದ್ದವನನ್ನು ಬೀದಿಯೆಲ್ಲ ಕರೆಯುವುದು ಶಟರ್ ಎಂದು. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಅಂಗಡಿಗಳಿಗೆ ಕಬ್ಬಿಣದ ಶಟರ್ ಹಾಕುವ ಕೆಲಸಕ್ಕೆ ಸೇರಿದ್ದ. ಕೆಲಸವೇ ಹೆಸರಾಗಿ ಅಂಟಿಕೊಂಡಿತ್ತು. ಕೈಗೆ ಹತ್ತಿದ ಗ್ರೀಸು ಯಾವ ಸೋಪಿಗೂ ಹೋಗುತ್ತಿರಲಿಲ್ಲ, ಮೂಗಿನ ತುದಿಗೆ ಹತ್ತಿದ ಸಿಟ್ಟು ಯಾವ ಬುದ್ಧಿಮಾತಿಗೂ ಇಳಿಯುತ್ತಿರಲಿಲ್ಲ.

“ಪಕ್ಕದ ಬೀದೀಲಿ ಮನೆಗಳ ಮುಂದಿನ ಗೋಡೆ ಒಡೆದೋನು ಯಾರು? ಇವನೇ,” ಹಾರ್ಡ್‌ವೇರ್‌ನವನು ಸಭೆಯ ಕಡೆ ತಿರುಗಿದ. “ಮನೆಗಳ ಹೊಟ್ಟೆ ಸೀಳಿ ಶಟರ್ ಕೂರಿಸಿದೋನು. ಇವತ್ತು ಬಂದು ಮನೆ ಉಳಿಸಿ ಅಂತ ಅಳ್ತಾನೆ!”

“ಹೌದು, ಒಡೆದಿದೀನಿ,” ಎಂದ ಶಟರ್. ಅವನಿಗೆ ಮೈಕು ಬೇಕಾಗಲಿಲ್ಲ. “ಒಡೆಸಿದೋರು ಒಡೆಸಿದ್ರು, ಒಡೆದೆ. ನಿನ್ನ ಅಂಗಡಿ ಶಟರೂ ನಾನೇ ಹಾಕಿದ್ದು. ಅದು ನಿನ್ನ ಬಾಯಿ ಥರ ಅಲ್ಲ ನೋಡು, ಬೇಕಾದಾಗ ಮುಚ್ಚುತ್ತೆ.”

ಈಗ ನಗು ಈ ಕಡೆಗೆ ವಾಲಿತು. ಅಧಿಕಾರಿ ಮೇಡಂ ಪೆನ್ನಿನ ಹಿಂಬದಿಯಿಂದ ಮೇಜು ಕುಟ್ಟಿದರು. ಅವರದು ಒಣಗಿದ, ಬೇಸರದ ದನಿ. ಬೀದಿಯನ್ನು ವಾಸದ ಜಾಗದಿಂದ ವಾಣಿಜ್ಯದ ಜಾಗಕ್ಕೆ ಬದಲಾಯಿಸಬೇಕೋ ಬೇಡವೋ ಎಂಬುದು ಬೈಗುಳದಿಂದ ತೀರ್ಮಾನವಾಗುವುದಿಲ್ಲ, ಲೆಕ್ಕದಿಂದ ಆಗುತ್ತದೆ ಎಂದರು. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಜನ ವಾಸವಿದ್ದರೆ ಬೀದಿ ಮನೆಗಳ ಬೀದಿಯಾಗಿಯೇ ಉಳಿಯುತ್ತದೆ. ಇಲ್ಲವಾದರೆ ಅಂಗಡಿ, ಗೋಡೌನು, ಏನು ಬೇಕಾದರೂ ಬರಬಹುದು. ಸರ್ವೇಯವರು ಮನೆಮನೆಗೆ ಬಂದು ನೋಡಿ ಹೋಗುತ್ತಾರೆ. ಯಾವತ್ತು ಎಂದು ಹೇಳಿ ಬರುವುದಿಲ್ಲ. ಅಷ್ಟು ಹೇಳಿ ಎದ್ದರು.

ಶಟರ್‌ನನ್ನು ಸಭೆಗೆ ಎಳೆದು ತಂದದ್ದು ಬೀದಿಯ ಮೇಲಿನ ಪ್ರೀತಿಯೇನಲ್ಲ. ಪೋಸ್ಟ್‌ಮಾಸ್ಟರ್ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಅವನೂ ಅವನ ಅಕ್ಕನೂ ಇದ್ದರು. ಅಕ್ಕ ಗಂಡನ ಮನೆಯಿಂದ ಒಂದು ಚೀಲ, ಒಂದು ಕೂಸು ಹಿಡಿದುಕೊಂಡು ಬಂದುಬಿಟ್ಟಿದ್ದಳು. ಭಾವನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಗಂಡನನ್ನು ಬಿಟ್ಟವಳು, ರಾತ್ರಿಯಿಡೀ ಅಳುವ ಕೂಸು, ಊರವರ ಜೊತೆ ಜಗಳಕ್ಕೆ ನಿಲ್ಲುವ ತಮ್ಮ: ಇವರಿಗೆ ಬಾಡಿಗೆಗೆ ಮನೆ ಕೊಡುವ ಪುಣ್ಯಾತ್ಮ ಇನ್ನೊಬ್ಬ ಸಿಗುವುದಿಲ್ಲ ಎಂದು ಅವನು ಊರೆಲ್ಲ ಅಲೆದು ತಿಳಿದುಕೊಂಡಿದ್ದ. ಪೋಸ್ಟ್‌ಮಾಸ್ಟರ್ ಕೆಟ್ಟವರಲ್ಲ, ಮುಚ್ಚುಮರೆಯೂ ಇಲ್ಲದವರು. “ಬೀದಿ ಮನೆಗಳದ್ದಾಗೇ ಇದ್ರೆ ನೀವೂ ಇರ್ತೀರಿ. ಅಂಗಡಿ ಬಂದ್ರೆ ಹಿಂದಿನ ಕೋಣೆ ಕೆಡವಿ ಗೋಡೌನು ಮಾಡ್ತೀನಪ್ಪ, ಮುಂಚೇನೇ ಹೇಳಿದೀನಿ,” ಎಂದಿದ್ದರು.

ಅವತ್ತು ಸಂಜೆ ಪೋಸ್ಟ್‌ಮಾಸ್ಟರ್ ಜಗಲಿಯಲ್ಲಿ ಬೀದಿಯವರು ಬೆರಳು ಮಡಿಸಿ ಮಡಿಸಿ ಎಣಿಸಿದರು. ಇತ್ತ ಕಡೆ ಜನ ಇರುವ ಮನೆ, ಅತ್ತ ಕಡೆ ಬೀಗ ಬಿದ್ದ ಮನೆ, ಹಾರ್ಡ್‌ವೇರ್‌ನವನು ಸಿಮೆಂಟು ತುಂಬಿಟ್ಟ ಮನೆ. ಎಷ್ಟು ಸಲ ಎಣಿಸಿದರೂ ಎರಡೂ ಸಮ. ಉಳಿದದ್ದು ಮೂಲೆಮನೆ. ಅದು ಯಾವ ಕಡೆ ಬೀಳುತ್ತದೋ ಬೀದಿ ಆ ಕಡೆ.

ಮೂಲೆಮನೆ ಹೊಲಿಗೆ ಟೀಚರದ್ದು. ಬೀದಿಯ ಅರ್ಧ ಹೆಣ್ಣುಮಕ್ಕಳಿಗೆ ಸೂಜಿ ಹಿಡಿಯಲು ಕಲಿಸಿದ, ಮಕ್ಕಳಿಲ್ಲದ, ಒಂಟಿ ಹೆಂಗಸು. ಹೋದ ವರ್ಷ ತೀರಿಕೊಂಡಿದ್ದರು. ದೂರದ ಸಂಬಂಧಿಯೊಬ್ಬ ಬಂದು ಬೀಗ ಹಾಕಿ, ಆಗಾಗ ಧೂಳು ಹೊಡೆಸಿ, ಬಾಡಿಗೆಗೆ ಮಾತ್ರ ಯಾರನ್ನೂ ಬಿಡಬೇಡಿ ಎಂದು ಪೋಸ್ಟ್‌ಮಾಸ್ಟರ್ ಕೈಗೆ ಎರಡು ಕೀಲಿ ಕೊಟ್ಟು ಹೋಗಿದ್ದ.

“ಯಾರೂ ಇರೋದು ಬೇಡ,” ಎಂದರು ಕಂಪೌಂಡರ್. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಬೀದಿಯೇ ವಾರ್ಡು. “ಇರೋ ಹಾಗೆ ಕಾಣಿಸಿದ್ರೆ ಸಾಕು. ಸರ್ವೇಯವನೇನು ಮಂಚದ ಕೆಳಗೆ ಬಗ್ಗಿ ನೋಡ್ತಾನಾ? ಬಾಗಿಲಲ್ಲಿ ಚಪ್ಪಲಿ, ತಂತಿ ಮೇಲೆ ಬಟ್ಟೆ, ಒಳಗೆ ಕುಕ್ಕರ್ ಕೂಗೋ ಸದ್ದು. ಮುಗೀತು.”

“ಮಾಡೋರು ಯಾರು?”

ಎಲ್ಲರ ಕಣ್ಣೂ ಒಟ್ಟಿಗೆ ಶಟರ್ ಕಡೆ ತಿರುಗಿದವು.

“ಬೆಳಿಗ್ಗೆ ನಗೋಕೆ ನೀವು, ಸಂಜೆ ದುಡಿಯೋಕೆ ನಾನು,” ಎಂದ ಅವನು. ಆದರೆ ಕೀಲಿಗೆ ಕೈ ಚಾಚಿದ.

ಗಂಡಸಿನ ಅಂಗಿಗಳನ್ನಷ್ಟೇ ಒಣಹಾಕಿದರೆ ಸಂಸಾರಸ್ಥರ ಮನೆಯ ಹಾಗೆ ಕಾಣುವುದಿಲ್ಲ, ಹೆಂಗಸಿನ ಬಟ್ಟೆಯೂ ಬೇಕು ಎಂದು ಕಂಪೌಂಡರ್ ಹೆಂಡತಿ ಮಾತು ತೆಗೆದರು. ಹಾಗಂತ ಸತ್ತವರ ಮನೆಯ ತಂತಿಗೆ ತಮ್ಮ ಬಟ್ಟೆ ಕೊಡಲು ಯಾವ ಹೆಂಗಸೂ ಒಪ್ಪಲಿಲ್ಲ, ಮಾತು ತೆಗೆದವರೂ ಒಪ್ಪಲಿಲ್ಲ. ಕೊನೆಗೆ ಅವರೇ ದಾರಿ ಹೇಳಿದರು: “ಟೀಚರ್ ಬೀರುವಿನಲ್ಲೇ ಅವರದ್ದು ಬೇಕಾದಷ್ಟು ಇರುತ್ತಲ್ಲ. ಅದನ್ನೇ ಒದ್ದೆ ಮಾಡಿ ಹಾಕು.” ಎಲ್ಲರಿಗೂ ಅದು ಭಾರೀ ಜಾಣತನ ಅನ್ನಿಸಿತು.

“ಇನ್ನೊಂದಿದೆ,” ಎಂದರು ಕಂಪೌಂಡರ್. “ಸುಮ್ನೆ ಕಳ್ಳನ ಹಾಗೆ ಬಂದು ಹೋಗ್ಬೇಡ. ಹೋಗುವಾಗ ‘ಅಮ್ಮಾ, ಬರ್ತೀನಿ’ ಅಂತ ಕೂಗಿ ಹೋಗು. ಬರುವಾಗ ‘ಅಮ್ಮಾ, ಬಂದೆ’ ಅನ್ನು. ಬೀದಿ ಆ ತುದಿಗೂ ಕೇಳಬೇಕು.”

“ಚಿಕ್ಕಮ್ಮ ಅಂದ್ರೆ ಆಗಲ್ವಾ?”

“ದೊಡ್ಡಪ್ಪನ ಎರಡನೇ ಸೊಸೆ ಅಂತಲೇ ಕೂಗು, ಆಗ್ಲಿ! ಅಮ್ಮ ಅನ್ನೋಕೆ ನಿನಗೇನು ತೆರಿಗೆ ಬೀಳುತ್ತೇನೋ?”

ಎಲ್ಲರೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಅವರಮ್ಮ ಸತ್ತಾಗ ಅವಳು ಶಾಲೆಗೆ ಹೋಗುವ ಹುಡುಗಿ, ಇವನು ತೊಟ್ಟಿಲ ಕೂಸು. ಆ ಪದವನ್ನು ಇವನು ಯಾರಿಗೂ ಎದುರುಬದುರಾಗಿ ಹೇಳಿಯೇ ಇರಲಿಲ್ಲ. ಹಸಿವಾದಾಗ, ಬಿದ್ದಾಗ, ಜ್ವರ ಬಂದಾಗ ಕೂಗಿದ್ದೆಲ್ಲ ಅಕ್ಕಾ ಎಂದೇ.

ಮರುದಿನ ಬೆಳಿಗ್ಗೆ ಅವನು ಮೂಲೆಮನೆಯ ಬಾಗಿಲು ತೆಗೆದ. ಮುಚ್ಚಿದ ಮನೆಯ ಗಾಳಿ ಮುಖಕ್ಕೆ ಹೊಡೆಯಿತು: ಹಳೆ ಬಟ್ಟೆ, ಯಂತ್ರದ ಎಣ್ಣೆ, ಡಾಂಬರು ಗುಳಿಗೆ. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ ಮುಸುಕು ಹಾಕಿಕೊಂಡು ಕೂತಿತ್ತು. ಎದುರು ಗೋಡೆಯಲ್ಲಿ ಟೀಚರ್ ತಲೆ ಒರಗಿಸುತ್ತಿದ್ದಲ್ಲಿ ಎಣ್ಣೆಯ ಕಲೆ. ಇಂಥ ಕಲೆ ಅವನಿಗೆ ಹೊಸದಲ್ಲ. ಒಡೆದ ಗೋಡೆಗಳಲ್ಲೆಲ್ಲ ಕಂಡಿದ್ದ. ಸುತ್ತಿಗೆಯ ಮೊದಲ ಪೆಟ್ಟು ಬೇರೆಲ್ಲಾದರೂ ಹಾಕಿ, ಆ ಕಲೆಯಿದ್ದ ಜಾಗವನ್ನು ಕೊನೆಗೆ ಒಡೆಯುತ್ತಿದ್ದ. ಯಾಕೆಂದು ಯಾರಾದರೂ ಕೇಳಿದ್ದರೆ ಬೈದುಬಿಡುತ್ತಿದ್ದ.

ಬೀರು ತೆಗೆದು ಹಸಿರು ಹೂವಿನ ನೈಟಿ, ಒಂದು ಶಾಲು, ಎರಡು ಟವೆಲು ಎಳೆದು ಬಕೆಟ್ಟಿನಲ್ಲಿ ಅದ್ದಿ ತಂತಿಗೆ ಹಾಕಿದ. ಜೊತೆಗೆ ತನ್ನ ಕೆಲಸದ ಅಂಗಿಯೊಂದನ್ನೂ. ಕುಕ್ಕರಿಗೆ ಬರೀ ನೀರು ಹಾಕಿ ಒಲೆಯ ಮೇಲಿಟ್ಟು ಸೀಟಿ ಹೊಡೆಸಿದ. ಏನೂ ಬೇಯದ ಕುಕ್ಕರಿನ ಸೀಟಿಗೆ ಅವನಿಗೇ ಹಸಿವಾಯಿತು, ಸಿಟ್ಟೂ ಬಂತು. ಹೊರಡುವಾಗ ಹೊಸ್ತಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡ. ಬಂದದ್ದು ಕೆಮ್ಮು. ಎದುರು ಜಗಲಿಯಿಂದ ಕಂಪೌಂಡರ್ ಕೈ ಎತ್ತಿ ಇನ್ನೂ ಜೋರು ಎಂದು ಸನ್ನೆ ಮಾಡಿದರು.

“ಅಮ್ಮಾ! ಬರ್ತೀನಿ!”

ಬೈಗುಳದ ಹಾಗೆ ಬಂತು. ಆದರೂ ಬೀದಿಯ ಆ ತುದಿಗೆ ಕೇಳಿಸಿತು.

ದಿನ ಕಳೆದ ಹಾಗೆ ನಾಲಿಗೆ ಪಳಗಿತು. ಬೆಳಿಗ್ಗೆ ಬಟ್ಟೆ, ಕುಕ್ಕರು, ಕೂಗು. ಸಂಜೆ ಕೂಗು, ದೀಪ, ರೇಡಿಯೋ. ಒಂದು ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದರೆ ತಂತಿ ಖಾಲಿ. ಬಟ್ಟೆಗಳು ಮಂಚದ ಮೇಲೆ ತೋಳು ಒಳಗೆ ಮಡಿಸಿ, ಅಂಚಿಗೆ ಅಂಚು ಕೂಡಿಸಿ ಜೋಡಿಸಿಟ್ಟಿದ್ದವು. ಕಂಪೌಂಡರ್ ಹೆಂಡತಿಯ ಉಪಕಾರ ಎಂದುಕೊಂಡು ಅವನು ಎಂದೂ ಇಲ್ಲದ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿದ.

“ನಾನ್ಯಾಕಪ್ಪಾ ಸತ್ತೋರ ಮನೆಯೊಳಗೆ ಕಾಲಿಡ್ಲಿ?” ಎಂದರು ಅವರು. “ನೀನೇ ಮಡಿಸಿಟ್ಟು ಮರೆತಿರ್ತೀಯ.”

ಅವನು ಜೀವಮಾನದಲ್ಲಿ ಒಂದು ಕರವಸ್ತ್ರ ಮಡಿಸಿದವನಲ್ಲ.

ಆಮೇಲೆ ಒಂದು ದಿನ ಅಕ್ಕ ಕೇಳಿದಳು. “ಮಧ್ಯಾಹ್ನ ಬಂದಿದ್ಯೇನೋ? ಮೂಲೆಮನೇಲಿ ಕುಕ್ಕರ್ ಕೂಗಿತು.”

ಅವನು ಮಧ್ಯಾಹ್ನ ಊರಾಚೆಯ ಔಷಧಿ ಅಂಗಡಿಯ ಮುಂದೆ ಏಣಿಯ ಮೇಲಿದ್ದ. “ಹೂಂ, ಬಂದಿದ್ದೆ,” ಎಂದ. ಯಾಕೆ ಸುಳ್ಳು ಹೇಳಿದೆ ಎಂದು ಅವನಿಗೇ ತಿಳಿಯಲಿಲ್ಲ. ಸಂಜೆ ಹೋಗಿ ಕುಕ್ಕರಿನ ಮೇಲೆ ಅಂಗೈ ಇಟ್ಟ. ಇನ್ನೂ ಬೆಚ್ಚಗಿತ್ತು.

ಆದರೆ ಅವನನ್ನು ನಿಲ್ಲಿಸಿದ್ದು ಅಂಗಿ. ಶಟರಿನ ತಗಡು ತಗುಲಿ ತೋಳಿನಲ್ಲಿ ಉದ್ದಕ್ಕೆ ಹರಿದುಹೋಗಿದ್ದ ಅಂಗಿ ಅದು. ತೋರಿಕೆಗೆ ತಾನೇ ಎಂದು ಹರಿದದ್ದನ್ನೇ ತಂತಿಗೆ ಹಾಕುತ್ತಿದ್ದ. ಒಂದು ಬೆಳಿಗ್ಗೆ ಅದು ಮಂಚದ ಮೇಲಿತ್ತು. ಹರಿದ ಜಾಗದಲ್ಲಿ ಅಂಗಿಯ ಬಣ್ಣದ್ದೇ ದಾರ, ಇರುವೆ ಸಾಲಿನಷ್ಟು ಸಣ್ಣ ಹೊಲಿಗೆ. ಒಳಗಿನಿಂದ ಬೆರಳಾಡಿಸಿದರೆ ಗಂಟು ಕೂಡ ಸಿಗದು. ಹೊಲಿಗೆ ಯಂತ್ರದ ಮುಸುಕು ಹಾಗೇ ಇತ್ತು. ಕೈಹೊಲಿಗೆ.

ಓಡಬೇಕಿತ್ತು, ಓಡಲಿಲ್ಲ. ಮೈಮೇಲಿದ್ದುದನ್ನು ಬಿಚ್ಚಿ ಆ ಅಂಗಿ ತೊಟ್ಟುಕೊಂಡ. ಹೊಸ್ತಿಲ ಬಳಿ ಬಂದು ಈ ಸಲ ಬೀದಿಗೆ ಕೇಳುವ ಹಾಗಲ್ಲ, ಒಳಗೆ ಮಾತ್ರ ಕೇಳುವ ಹಾಗೆ ಹೇಳಿದ.

“ಅಮ್ಮಾ, ಬರ್ತೀನಿ.”

“ಹೂಂ,” ಎಂದಿತು ಒಳಗಿನಿಂದ.

ಅಡುಗೆ ಮನೆಯಲ್ಲಿ ಕೆಲಸದಲ್ಲಿರುವವರು ತಿರುಗಿ ನೋಡದೆಯೇ ಅನ್ನುತ್ತಾರಲ್ಲ, ಆ ಹೂಂ. ದಿನಾ ಅಂದು ಅಂದು ರೂಢಿಯಾದ ಹೂಂ. ಅವನು ಬಾಗಿಲಿಗೆ ಬೀಗ ಹಾಕಿ ಕೆಲಸಕ್ಕೆ ಹೋದ. ಅವತ್ತು ಯಾರ ಜೊತೆಗೂ ಜಗಳವಾಡಲಿಲ್ಲ. ಜೊತೆಯವನು ಕೇಳಿದ: “ಮೈ ಹುಷಾರಿಲ್ವಾ?”

ಅಲ್ಲಿಂದ ಅವನು ಮೂಲೆಮನೆಗೆ ಬೆಳಿಗ್ಗೆ ಬೇಗ ಹೋಗತೊಡಗಿದ, ಸಂಜೆ ತಡವಾಗಿ ಹೊರಡತೊಡಗಿದ. ಎಣ್ಣೆ ಕಲೆಯ ಗೋಡೆಯ ಎದುರು ಕೂತು ಹಾರ್ಡ್‌ವೇರ್‌ನವನು ಸಭೆಯಲ್ಲಿ ಆಡಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಹೇಳುತ್ತಾ ಹೇಳುತ್ತಾ ಸಿಟ್ಟು ಕರಗಿ ಅಳುವಿನ ಹತ್ತಿರಕ್ಕೆ ಹೋಗಿ ನಿಂತಿತು. ಒಳಗೆ ಪಾತ್ರೆ ಸರಿಸಿದ ಸದ್ದು. ಎದ್ದು ಹೋಗಿ ನೋಡಲಿಲ್ಲ. ನೋಡಲು ಹೋದರೆ ಏನೂ ಇರುವುದಿಲ್ಲ ಎಂಬ ಹೆದರಿಕೆ ಅವನಿಗಿತ್ತು. ಇದ್ದರೆ ಎಂಬ ಹೆದರಿಕೆ ಇರಲಿಲ್ಲ.

ಮನೆಗೆ ಬಂದರೆ ಅಕ್ಕ ತಟ್ಟೆ ಮುಚ್ಚಿಟ್ಟು ಕಾಯುತ್ತಿರುತ್ತಿದ್ದಳು.

“ಹಸಿವಿಲ್ಲ,” ಎನ್ನುತ್ತಿದ್ದ.

“ಎಲ್ಲಿ ತಿಂದೆ?”

“ಎಲ್ಲೂ ಇಲ್ಲ. ಹಸಿವಿಲ್ಲ ಅಷ್ಟೆ.”

ಒಂದು ರಾತ್ರಿ ಅಕ್ಕ ಅವನ ತೋಳು ಹಿಡಿದು ದೀಪದ ಹತ್ತಿರ ಎಳೆದಳು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಅವಳೂ ಮೂಲೆಮನೆಯಲ್ಲಿ ಸೂಜಿ ಹಿಡಿಯಲು ಕಲಿತವಳೇ. “ಇದು ಯಾರ ಕೈ ಅಂತ ನನಗೆ ಗೊತ್ತು,” ಎಂದಳು. “ನಾಳೆಯಿಂದ ಅಲ್ಲಿಗೆ ಹೋಗ್ಬೇಡ.”

“ಹೋಗದೆ ಇದ್ರೆ ಈ ಮನೆ ಉಳಿಯುತ್ತಾ? ನಿನಗೋಸ್ಕರ ತಾನೇ ಹೋಗ್ತಿರೋದು?”

“ಮೊದಲು ನನಗೋಸ್ಕರ ಹೋಗ್ತಿದ್ದೆ,” ಎಂದಳು ಅಕ್ಕ. ತೊಟ್ಟಿಲಲ್ಲಿ ಕೂಸು ಎದ್ದು ಅತ್ತಿತು. ಮಾತು ಅಲ್ಲಿಗೇ ನಿಂತಿತು.

ಸರ್ವೇಯವನು ಬಂದದ್ದು ಮಧ್ಯಾಹ್ನ, ಶಟರ್ ಊರಲ್ಲಿಲ್ಲದ ಹೊತ್ತಿಗೆ. ಹೊಸದಾಗಿ ಕೆಲಸಕ್ಕೆ ಸೇರಿದ, ಬಿಸಿಲಿಗೆ ಮುಖ ಕೆಂಪಾದ ಹುಡುಗ. ಬೀದಿಯ ಆ ತುದಿಯಿಂದ ಒಂದೊಂದೇ ಮನೆ ನೋಡುತ್ತ ಬಂದ. ಪೋಸ್ಟ್‌ಮಾಸ್ಟರ್ ಜಗಲಿಯಿಂದ ಅವನನ್ನು ಕಂಡರು. ಮೂಲೆಮನೆಗೆ ಬೀಗ ಹಾಕಿದೆ. ಇನ್ನೊಂದು ಕೀಲಿ ಅವರ ಜೇಬಿನಲ್ಲೇ ಇತ್ತು; ಓಡಿಹೋಗಿ ತೆಗೆಯೋಣವೆಂದರೆ ಮಂಡಿ ಕೇಳದು, ಹುಡುಗನ ಕಣ್ಣೆದುರೇ ತೆಗೆಯೋಣವೆಂದರೆ ಬಣ್ಣ ಬಯಲಾಗುತ್ತದೆ. ಕಂಪೌಂಡರನ್ನೂ ಸೇರಿಸಿಕೊಂಡು ಜಗಲಿಯ ಕಂಬ ಹಿಡಿದು ನಿಂತರು. ಹುಡುಗ ಮೂಲೆ ತಿರುಗಿ ಮರೆಯಾದ.

ತುಂಬಾ ಹೊತ್ತಾದ ಮೇಲೆ ಬಾಯಿ ಒರೆಸಿಕೊಳ್ಳುತ್ತಾ ಬಂದ.

“ಮೂಲೆಮನೆ ಅಮ್ಮ ತುಂಬಾ ಒಳ್ಳೇವ್ರು ಸಾರ್,” ಎಂದ. “ಬೆಳಿಗ್ಗೆಯಿಂದ ಸುತ್ತಿದೀನಿ, ಒಬ್ಬರೂ ಒಂದು ಲೋಟ ನೀರು ಬೇಕಾ ಅಂತ ಕೇಳಿಲ್ಲ. ಅವರು ಒಳಗೆ ಕೂರಿಸಿ ನೀರು ಕೊಟ್ರು. ಫ್ಯಾನಿಲ್ಲ ಕಣಪ್ಪಾ ಅಂತ ರಟ್ಟು ತಗೊಂಡು ಗಾಳಿ ಹಾಕಿದ್ರು.”

ಕಂಪೌಂಡರ್ ಕೇಳಿದರು: “ಹೇಗಿದ್ರು?”

“ಹೇಗಿದ್ರು ಅಂದ್ರೆ? ನಿಮ್ಮ ಬೀದಿಯವರು ನಿಮಗೆ ಗೊತ್ತಿಲ್ವಾ? ಹಸಿರು ನೈಟಿ ಹಾಕಿದ್ರು. ಒದ್ದೆ ಇತ್ತು, ತೊಟ್ಟಿಕ್ಕುತ್ತಾ ಇತ್ತು. ಬಟ್ಟೆ ಒಗೀತಾ ಇದ್ರೇನೋ. ಮನೇಲಿ ಎಷ್ಟು ಜನ ಅಂದ್ರೆ ಇಬ್ರು ಅಂದ್ರು. ನಾನು, ನನ್ನ ಮಗ. ಮಗ ಶಟರ್ ಕೆಲಸಕ್ಕೆ ಹೋಗಿದಾನೆ, ಸಂಜೆ ಬರ್ತಾನೆ ಅಂದ್ರು.”

ಹುಡುಗ ಹೋದ. ಇಬ್ಬರು ಮುದುಕರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಮೂಲೆಯವರೆಗೆ ಹೋಗಿ ನೋಡಿದರು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ತಂತಿಯ ಮೇಲೆ ಟವೆಲು, ಶಾಲು ಇದ್ದವು. ನೈಟಿ ಇರಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿತ್ತು. ಗೆದ್ದಿದ್ದರು. ಲೆಕ್ಕ ಅವರ ಕಡೆಗೇ ಬಿದ್ದಿತ್ತು. ಆದರೆ ಯಾರ ಮನೆಯಲ್ಲೂ ಗೆದ್ದ ಕಳೆ ಇರಲಿಲ್ಲ. ಹೆಂಗಸರು ತಂತಿಗಳಿಂದ ಬಟ್ಟೆ ಬೇಗ ಬೇಗ ಎಳೆದುಕೊಂಡು ಒಳಗೆ ಹೋದರು. ಅಡುಗೆ ಮನೆಗಳಲ್ಲಿ ಕುಕ್ಕರ್ ಕೂಗಿದರೆ ಒಬ್ಬರ ಮುಖ ಒಬ್ಬರು ನೋಡಿದರು: ನಮ್ಮದು ತಾನೇ?

ಮೊದಲು ಬಾಯಿ ಬಿಟ್ಟವರು ಕಂಪೌಂಡರ್ ಹೆಂಡತಿ. “ನಾನು ಈ ಬೀದೀಲಿ ಮಲಗಲ್ಲ. ಅಂಗಡಿಯಾಗ್ಲಿ, ಕಾರ್ಖಾನೆಯಾಗ್ಲಿ, ಬೇಕಾದ್ದಾಗ್ಲಿ. ಮಾರಿ ಹೋಗೋಣ.”

“ಅಲ್ಲ ಕಣೇ, ಅಷ್ಟೆಲ್ಲ ಮಾಡಿ ಉಳಿಸಿಕೊಂಡಿದೀವಿ…” ಎಂದರು ಕಂಪೌಂಡರ್.

“ಉಳಿಸಿಕೊಂಡಿದ್ದು ಯಾರು? ಬಾಗಿಲು ತೆಗೆದು ನೀರು ಕೊಟ್ಟಿದ್ದು ಯಾರು? ನೀವಾ?”

ಎದುರು ಮನೆಯವರೂ ಅದನ್ನೇ ಅಂದರು: ಅಂಗಡಿಯಾದರೆ ಸಂಜೆ ಬೀಗ ಹಾಕಿ ಹೋಗಬಹುದು, ಮನೆಯಾದರೆ ಅಲ್ಲೇ ಮಲಗಬೇಕು. ಒಬ್ಬೊಬ್ಬರೇ, ಯಾರಿಗೂ ಕಾಣದ ಹಾಗೆ, ಹಾರ್ಡ್‌ವೇರ್ ಅಂಗಡಿಯ ಕಡೆ ಹೋಗಿ ಬಂದರು. ಕೊನೆಗೆ ಪೋಸ್ಟ್‌ಮಾಸ್ಟರ್ ಕೂಡ ಹೋಗಿ ಬಂದು ಶಟರ್‌ನ ಎದುರು ತಲೆ ತಗ್ಗಿಸಿ ಕೂತರು.

“ನಾಳಿದ್ದು ಲೆಕ್ಕ ತೀರ್ಮಾನಿಸೋ ಸಭೆಯಲ್ಲಿ ನಾವೇ ಹೇಳಿಬಿಡ್ತೀವಪ್ಪ. ಮೂಲೆಮನೇಲಿ ಯಾರೂ ಇಲ್ಲ, ನಾವೇ ನಾಟಕ ಕಟ್ಟಿದ್ವಿ ಅಂತ.”

“ನನ್ನ ಅಕ್ಕ ಎಲ್ಲಿಗೆ ಹೋಗ್ಬೇಕು?”

“ನೀನೂ ಇಲ್ಲಿರಬೇಡ ಮಗೂ. ಅದು ನಿನ್ನನ್ನ ಮಗ ಅಂದಿದೆ.”

“ಅದು ಅಂತೆ, ಅದು!” ಶಟರ್ ಎದ್ದು ನಿಂತ. ಗೋಡೆಗೆ ಒರಗಿಸಿದ್ದ ಏಣಿ ಕಾಲು ತಗುಲಿ ದಡಾರನೆ ಬಿತ್ತು. “ಬಟ್ಟೆ ಹಾಕು ಅಂದೋರು ನೀವು. ಅಮ್ಮ ಅನ್ನು ಅಂದೋರು ನೀವು. ಕರೆದಾಗ ಬಂದ್ರು. ಈಗ ಅದು ಅಂತೀರಾ? ಮನುಷ್ಯರನ್ನ ಕರೆದು ಬಾಗಿಲು ಹಾಕ್ಕೊಳ್ಳೋ ಜಾತಿ ನಿಮ್ಮದು! ಹೋಗಿ, ಅಂಗಡಿ ಇಟ್ಕೊಳ್ಳಿ, ಅಲ್ಲೇ ತಕ್ಕಡೀಲಿ ಕೂತ್ಕೊಳ್ಳಿ!”

ಪೋಸ್ಟ್‌ಮಾಸ್ಟರ್ ಎದ್ದು ಹೋದರು. ಅವನು ಬಿದ್ದ ಏಣಿಯನ್ನು ಎತ್ತಿ ಗೋಡೆಗೆ ಒರಗಿಸಿದ. ಒಳಗಿನಿಂದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅವರ ಮೇಲೆ ಯಾಕೆ ಹಾರಾಡ್ತೀಯ?” ಎಂದಳು. “ನನಗೂ ಇಲ್ಲಿರೋದು ಬೇಡ.”

“ನಿನಗೂ ಭಯಾನಾ?”

“ಸತ್ತೋರಿಗೆ ನಾನ್ಯಾಕೋ ಹೆದರ್ಲಿ? ಬದುಕಿರೋ ನಿನ್ನ ಭಾವನ್ನೇ ನೋಡಿದೀನಿ. ಸತ್ತೋರು ಕೈ ಎತ್ತಲ್ಲ, ಬಾಡಿಗೆ ಕೇಳಲ್ಲ.” ಅವಳು ನಗಲು ನೋಡಿದಳು, ಆಗಲಿಲ್ಲ. “ನೀನು ದಿನದಿನಕ್ಕೂ ಆ ಕಡೆಯೋನಾಗ್ತಾ ಇದೀಯ. ಊಟ ಬಿಟ್ಟೆ. ಕೂಸನ್ನ ಎತ್ಕೊಂಡು ಎಷ್ಟು ದಿನ ಆಯ್ತು? ನಿನ್ನ ಮೈ ಮುಟ್ಟಿದ್ರೆ ಒಗೆದ ಬಟ್ಟೆ ಥರ ತಣ್ಣಗಿರುತ್ತೆ.”

ಅವನು ಹೊಲಿಗೆಯಿದ್ದ ತೋಳನ್ನು ಬೆನ್ನ ಹಿಂದೆ ಎಳೆದುಕೊಂಡ.

“ನನಗೆ ನಮ್ಮಮ್ಮನ ಮುಖ ನೆನಪಿದೆ,” ಎಂದಳು ಅಕ್ಕ ಮೆಲ್ಲಗೆ. “ಕೈ ವಾಸನೆ ನೆನಪಿದೆ. ಅದಕ್ಕೇ ನಾನು ಬೇರೆ ಯಾರಿಗೂ ಆ ಹೆಸರು ಇಡಲಾರೆ. ನಿನಗೆ ಏನೂ ನೆನಪಿಲ್ಲ. ಅದು ನಿನ್ನ ತಪ್ಪಲ್ಲ. ಆದ್ರೆ ನಿನ್ನ ಸಾಕಿದ್ದು ನಾನು ಕಣೋ. ನನ್ನ ಊಟದ ಅರ್ಧ ನಿನಗೆ ಹಾಕಿ ಸಾಕಿದೀನಿ. ಸಭೇಲಿ ಕೇಳ್ತಾರೆ. ಅಲ್ಲಿ ಯಾರೂ ಇಲ್ಲ ಅಂತ ಎಲ್ಲರ ಮುಂದೆ ಹೇಳು. ಒಂದು ಸಲ ಬಾಯಿ ಬಿಟ್ಟು ಹೇಳಿದ್ರೆ ಅವಳು ನಿನ್ನ ಬಿಡ್ತಾಳೆ. ಮನೆ ಹೋದ್ರೆ ಹೋಗ್ಲಿ. ನಾನು ಬಸ್‌ಸ್ಟ್ಯಾಂಡಲ್ಲಿ ಮಲಗ್ತೀನಿ. ನೀನು ಹೋದ್ರೆ ನನಗೆ ಯಾರಿದಾರೆ?”

ಬೆಳಿಗ್ಗೆ ಅವನು ಮೂಲೆಮನೆಗೆ ಹೋದ. ನೈಟಿ ಒಣಗಿ, ಮಡಿಕೆಯಾಗಿ, ಮಂಚದ ಮೇಲಿತ್ತು. ಅದರ ಪಕ್ಕದಲ್ಲಿ ಒಂದು ಲೋಟ, ಬೋರಲು. ಅವನು ಅಂದುಕೊಂಡು ಬಂದಿದ್ದ ಮಾತು ಬೇರೆ. ಬಾಯಿಂದ ಬಂದದ್ದು ಇಷ್ಟೇ: “ನಾಳೆ ಕೇಳ್ತಾರಂತೆ. ಏನು ಹೇಳ್ಲಿ?”

ಅಡುಗೆ ಮನೆಯಲ್ಲಿ ನಲ್ಲಿಯ ನೀರು ಬೀಳುತ್ತಿದ್ದುದು ನಿಂತಿತು. ಯಾರೋ ಕೈ ಒರೆಸಿಕೊಳ್ಳುತ್ತ ಉತ್ತರಕ್ಕೆ ಯೋಚಿಸುತ್ತಿರುವಷ್ಟು ಹೊತ್ತು ನಿಶ್ಶಬ್ದ. ಆಮೇಲೆ ಮತ್ತೆ ನೀರು.

ಸಭೆಯಲ್ಲಿ ಅದೇ ಪ್ಲಾಸ್ಟಿಕ್ ಕುರ್ಚಿಗಳು, ಅದೇ ಫ್ಯಾನುಗಳು. ಪೋಸ್ಟ್‌ಮಾಸ್ಟರ್ ಎದ್ದು ನಿಂತು, ನೆಲ ನೋಡುತ್ತ, ಮೂಲೆಮನೆ ಖಾಲಿ, ಹೊಲಿಗೆ ಟೀಚರ್ ತೀರಿಕೊಂಡಾಗಿನಿಂದ ಖಾಲಿ, ಬೀದಿಯವರೇ ಸೇರಿ ಮೋಸ ಮಾಡಿದೆವು ಎಂದರು. ಹಿಂದಿನಿಂದ ಹೌದು ಹೌದು ಎಂದು ದನಿಗಳು ಬಂದವು. ಹಾರ್ಡ್‌ವೇರ್‌ನವನು ಎರಡೂ ಕೈ ಬೆನ್ನಿಗೆ ಕಟ್ಟಿ ಮದುವೆ ಮನೆಯ ಯಜಮಾನನ ಹಾಗೆ ನಿಂತಿದ್ದ.

“ಇಲ್ಲ ಮೇಡಂ!” ಸರ್ವೇಯ ಹುಡುಗ ಎದ್ದುನಿಂತ. ಅವನ ಮುಖ ಇನ್ನಷ್ಟು ಕೆಂಪಾಗಿತ್ತು. “ನಾನು ಒಳಗೆ ಕೂತಿದೀನಿ. ಅವರ ಕೈಯಿಂದ ನೀರು ಕುಡಿದಿದೀನಿ. ಇವರು ಈಗ ಸುಳ್ಳು ಹೇಳ್ತಿದಾರೆ. ನನ್ನ ಕೆಲಸ ಹೋದ್ರೂ ಸರಿ, ಆ ಮನೇಲಿ ಅಮ್ಮ ಇದಾರೆ.”

“ಯಾವ ಅಮ್ಮನಯ್ಯಾ? ಸತ್ತು ವರ್ಷ ಆಯ್ತು!” ಎಂದ ಹಾರ್ಡ್‌ವೇರ್‌ನವನು.

ಹುಡುಗನಿಗೆ ಅದು ಮೊದಲ ಸಲ ಕಿವಿಗೆ ಬಿದ್ದದ್ದು. ಅವನ ಕೈ ತಾನಾಗಿ ಗಂಟಲಿನ ಮೇಲೆ ಹೋಯಿತು. ಮೆಲ್ಲಗೆ ಕೂತುಬಿಟ್ಟ.

ಮೇಡಂ ಅವರನ್ನೂ ಇವರನ್ನೂ ನೋಡಿದರು. “ಇಡೀ ಬೀದಿ ಯಾರೂ ಇಲ್ಲ ಅನ್ನುತ್ತೆ. ನಮ್ಮ ಇಲಾಖೆಯವನು ಇದ್ದಾರೆ ಅಂತಾನೆ. ಆಕೆ ತನ್ನ ಮಗ ಅಂತ ಹೇಳಿದ್ದು ನಿಮ್ಮನ್ನ ತಾನೇ? ಬನ್ನಿ ಮುಂದೆ. ನೀವು ಇದ್ದಾರೆ ಅಂದ್ರೆ ಸರ್ವೇ ಬರೆದ ಹಾಗೇ ಉಳಿಯುತ್ತೆ, ಬೀದಿ ಮನೆಗಳದ್ದೇ. ಇಲ್ಲ ಅಂದ್ರೆ ಇವತ್ತೇ ಬದಲಾಗುತ್ತೆ.”

ಶಟರ್ ಮೈಕಿನ ಮುಂದೆ ಬಂದು ನಿಂತ.

“ಮೂಲೆಮನೆಯಲ್ಲಿರೋ ಹೆಂಗಸು,” ಎಂದರು ಮೇಡಂ, “ನಿಮಗೆ ಏನಾಗಬೇಕು?”

ಕಂಪೌಂಡರ್ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಸರ್ವೇಯ ಹುಡುಗ ಶಟರ್‌ನನ್ನೇ, ತಾನು ಕುಡಿದ ನೀರು ಯಾರದೆಂದು ಅವನೊಬ್ಬನೇ ಹೇಳಬಲ್ಲವನೆಂಬ ಹಾಗೆ, ನೋಡುತ್ತಿದ್ದ. ಬಾಗಿಲ ಬಳಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಕ್ಕ ನಿಂತಿದ್ದಳು. ಅವಳ ತುಟಿ ಸದ್ದಿಲ್ಲದೆ ಆಡಿತು: ಯಾರೂ ಇಲ್ಲ ಅನ್ನು. ಅವಳ ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು. ಆ ಕೂಸಿಗೆ ಮಲಗಲು ಒಂದು ಸೂರು ಬೇಕು, ಅದು ಅವನ ಒಂದು ಮಾತಿನಲ್ಲಿದೆ. ಆ ಮಾತನ್ನು ಆಡಿದರೆ ಇವಳ ಕಣ್ಣೆದುರೇ ಇನ್ನೊಬ್ಬಳ ಮಗನಾಗುತ್ತಾನೆ. ಇಲ್ಲ ಎಂದರೆ ನಾಳೆ ಮೂಲೆಮನೆಯ ಗೋಡೆಗೆ ಸುತ್ತಿಗೆ ಬೀಳುತ್ತದೆ. ಅದಕ್ಕಿಂತ ಮೊದಲು, ಈಗಲೇ, ಇಲ್ಲೇ, ಅವನ ನಾಲಿಗೆಯಿಂದಲೇ ಬೀಳುತ್ತದೆ.

“ಹೇಳಪ್ಪಾ,” ಎಂದ ಹಾರ್ಡ್‌ವೇರ್‌ನವನು. “ಅವತ್ತು ಅಷ್ಟು ಮಾತಾಡ್ತಿದ್ದೆ. ಏನಾಗಬೇಕು?”

ಅವನು ಮೈಕನ್ನು ಕೈಗೆತ್ತಿಕೊಂಡ. ಎಲ್ಲರೂ ಬೈಗುಳ ಬರುತ್ತದೆಂದೇ ಕಾದರು.

“ನಿಮ್ಮನ್ನೇ ಕೇಳ್ತಿರೋದು,” ಎಂದರು ಮೇಡಂ.

ಅವನು ಮೈಕನ್ನು ಮೇಜಿನ ಮೇಲೆ ಮಲಗಿಸಿದ. ಸ್ಪೀಕರಿನಲ್ಲಿ ದೊಡ್ಡ ಸದ್ದಾಯಿತು. ತಿರುಗಿ, ಕುರ್ಚಿಗಳ ನಡುವೆ ನಡೆದ. ಎರಡೂ ಕಡೆಯವರು ಮೊಣಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ಬಾಗಿಲಲ್ಲಿ ಅಕ್ಕ ಕೈ ಚಾಚಿದಳು.

“ಏನಾದ್ರೂ ಒಂದು ಹೇಳೋ,” ಎಂದಳು. “ಯಾವುದಾದ್ರೂ ಒಂದು.”

ಇದ್ದಾರೆ ಎಂದೂ ಅನ್ನದೆ, ಇಲ್ಲ ಎಂದೂ ಅನ್ನದೆ, ಅವನು ಅವಳನ್ನು ದಾಟಿ ಮೆಟ್ಟಿಲು ಇಳಿಯತೊಡಗಿದ.